ಪರೋಕ್ಷ ವಿನಯ: ಅಗಲಿದ ಹೆತ್ತವರಿಗೆ ಕಾವ್ಯದ ಎಡೆ

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಹುಮಟ್ಟಿಗೆ ಪ್ರತಿದಿನವೂ ಅಂಗೈಗಿಂತ ಚಿಕ್ಕ ಚೌಕಗಳಲ್ಲಿ ಕೆಲವು ಮುಖಗಳು ಅಚ್ಚಾಗುತ್ತವೆ. ಮೇಲೆ ‘ಪುಣ್ಯಸ್ಮರಣೆ’ ಎಂಬ ತಲೆಬರಹ, ಕೆಳಗೆ ಜನನ ಮರಣದ ತಾರೀಖು, ಆಮೇಲೆ ಹೆಂಡತಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರು. ಇವೆರಡರ ನಡುವೆ ಸಾಮಾನ್ಯವಾಗಿ ಎರಡೋ ನಾಲ್ಕೋ ಸಾಲಿನ ಪದ್ಯವಿರುತ್ತದೆ. ವೈಕುಂಠ ಸಮಾರಾಧನೆಯ ಕಾರ್ಡಿನಲ್ಲೂ ಶಿವಗಣಾರಾಧನೆಯ ಆಹ್ವಾನ ಪತ್ರಿಕೆಯಲ್ಲೂ ಇಂಥ ಸಾಲುಗಳನ್ನು ಕಾಣಬಹುದು. ಬದುಕಿನಲ್ಲಿ ಒಂದು ಪದ್ಯವನ್ನೂ ಬರೆಯದವರು, ಓದುವ ಅಭ್ಯಾಸವೂ ಇಲ್ಲದವರು, ತಂದೆಯೋ ತಾಯಿಯೋ ತೀರಿಕೊಂಡಾಗ ಮಾತ್ರ ಪದ್ಯವನ್ನು ಹುಡುಕಿಕೊಂಡು ಹೋಗುತ್ತಾರೆ. ಹೀಗೇಕೆ?

ಕರ್ಮಾಂತರಗಳು ಮುಗಿದಿರುತ್ತವೆ. ಊಟ ಹಾಕಿಸಿಯೂ ಆಗಿರುತ್ತದೆ. ಆದರೂ ಏನೋ ಒಂದು ಮಾತು ಹೇಳದೆ ಉಳಿಯಿತು ಎಂಬ ಭಾವನೆ ಮಕ್ಕಳನ್ನು ಬಿಡುವುದಿಲ್ಲ. ಆ ಮಾತನ್ನು ಹೇಳಲು ಕನ್ನಡ ನಾಡಿನ ಜನ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಪದ್ಯದ ಮೊರೆ ಹೊಕ್ಕಿದ್ದಾರೆ. ಕಲ್ಲಿನ ಮೇಲೆ ಕೆತ್ತಿಸಿದ್ದಾರೆ, ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ್ದಾರೆ, ಅಚ್ಚಿನ ಪುಸ್ತಕದಲ್ಲಿ ಬರೆದಿದ್ದಾರೆ. ಆ ಪದ್ಯಗಳ ದಾರಿಯನ್ನು ಹಿಂಬಾಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಆಚರಣೆ ಸತ್ತವರನ್ನು ಪಿತೃಗಳ ಸಾಲಿಗೆ ಸೇರಿಸುತ್ತದೆ. ಕವಿತೆ ಅವರನ್ನು ಆ ಸಾಲಿನಿಂದ ಮತ್ತೆ ಹೊರಗೆ ಕರೆದು, ಇಂಥವರಾಗಿದ್ದರು ಎಂದು ತೋರಿಸುತ್ತದೆ.

ಮೂರು ತಲೆಮಾರಿನ ಲೆಕ್ಕ

ಶ್ರಾದ್ಧದ ಲೆಕ್ಕಾಚಾರ ಮೂರು ತಲೆಮಾರಿನದು. ತಂದೆ, ತಾತ, ಮುತ್ತಾತ ಈ ಮೂವರ ಹೆಸರು ಮತ್ತು ಗೋತ್ರಗಳನ್ನು ಹೇಳಿ, ಅವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ಸ್ವರೂಪರೆಂದು ಭಾವಿಸಿ ಪಿಂಡ ಇಡಲಾಗುತ್ತದೆ. ಮಗನೂ ತೀರಿಕೊಂಡು ಅವನ ಮಗ ಶ್ರಾದ್ಧ ಮಾಡುವ ಹೊತ್ತಿಗೆ ಹಳೆಯ ಮುತ್ತಾತನ ಹೆಸರು ಪಟ್ಟಿಯಿಂದ ಬಿಟ್ಟುಹೋಗಿರುತ್ತದೆ. ಇದು ಮರೆವಲ್ಲ, ವ್ಯವಸ್ಥೆ. ಇಷ್ಟು ಜನರನ್ನು ಮಾತ್ರ ಹೆಸರು ಹಿಡಿದು ನೆನೆಯಬಲ್ಲೆವು ಎಂಬುದನ್ನು ಹಿಂದಿನವರು ಅರಿತಿದ್ದರು ಎನ್ನಬಹುದು.

ಹಳ್ಳಿಗಳಲ್ಲಿ ಪಿತೃಪಕ್ಷದ ರೀತಿಯೇ ಬೇರೆ. ಭಾದ್ರಪದ ಬಹುಳದಲ್ಲಿ, ಮುಖ್ಯವಾಗಿ ಮಹಾಲಯ ಅಮಾವಾಸ್ಯೆಯ ಸುತ್ತಮುತ್ತ, ಹಿರಿಯರಿಗೆ ಎಡೆ ಇಡುತ್ತಾರೆ. ಹೊಸ ಪಂಚೆ, ಹೊಸ ಸೀರೆ ಇಟ್ಟು, ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದನ್ನೇ ಬಡಿಸುತ್ತಾರೆ. ಕಜ್ಜಾಯವೋ, ವಡೆಯೋ, ಮಾಂಸದ ಅಡುಗೆಯೋ ಆಯಾ ಮನೆಯ ಪದ್ಧತಿಗೆ ಬಿಟ್ಟದ್ದು. ಅಪ್ಪ ಬೀಡಿ ಸೇದುತ್ತಿದ್ದರೆ ಎಲೆಯ ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಅವ್ವ ಎಲೆಅಡಿಕೆ ಹಾಕುತ್ತಿದ್ದರೆ ಅದೂ ಇರುತ್ತದೆ. ಕ್ರೈಸ್ತರು ನವೆಂಬರ್ 2ರಂದು ಸಮಾಧಿಗಳನ್ನು ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಮುಸ್ಲಿಮರ ಮನೆಗಳಲ್ಲಿ ಫಾತಿಹಾ ಓದಿಸುವ ಪದ್ಧತಿ ಇದೆ.

ಈ ಎಲ್ಲ ಆಚರಣೆಗಳಿಗೆ ಒಂದು ಮಿತಿಯೂ ಇದೆ. ಅಲ್ಲಿ ಹೇಳುವ ಮಂತ್ರ ಅಥವಾ ಪ್ರಾರ್ಥನೆ ಎಲ್ಲರಿಗೂ ಒಂದೇ. ಮುಂಗೋಪಿಯಾಗಿದ್ದ ತಂದೆಗೂ ಮೆದುಮಾತಿನ ತಂದೆಗೂ ಬೇರೆ ಬೇರೆ ಮಂತ್ರವಿಲ್ಲ. ಅಲ್ಲದೆ ಎಲ್ಲ ಮಕ್ಕಳಿಗೂ ಅದನ್ನು ಮಾಡುವ ಅಧಿಕಾರವೂ ಇರಲಿಲ್ಲ. ಈ ಎರಡು ಕೊರತೆಗಳಿಂದಲೇ ಹೆತ್ತವರ ಕುರಿತ ಒಳ್ಳೆಯ ಕಾವ್ಯವೆಲ್ಲ ಹುಟ್ಟಿತೇನೋ ಎನಿಸುತ್ತದೆ.

ಕಲ್ಲಿನ ಮೇಲೆ ತಾಯಿಯ ಹೆಸರು

ಶ್ರವಣಬೆಳಗೊಳದ ಎರಡು ಬೆಟ್ಟಗಳಲ್ಲೂ ಊರಿನಲ್ಲೂ 500ಕ್ಕೂ ಹೆಚ್ಚು ಶಾಸನಗಳಿವೆ. ಅವುಗಳಲ್ಲಿ ಬಹಳಷ್ಟು ಸಾವಿಗೆ ಸಂಬಂಧಿಸಿದವು. ವ್ರತ ಹಿಡಿದು ದೇಹ ಬಿಟ್ಟವರ ನೆನಪಿಗೆ ನಿಲ್ಲಿಸಿದ ಇಂಥ ಸ್ಮಾರಕಗಳಿಗೆ ನಿಷಿಧಿ ಎಂದು ಹೆಸರು. ಗುರುವಿಗಾಗಿ ಶಿಷ್ಯರು, ಹೆತ್ತವರಿಗಾಗಿ ಮಕ್ಕಳು ಇವನ್ನು ಮಾಡಿಸಿದಾಗ ಜೈನ ಶಾಸನಗಳು ಮತ್ತೆ ಮತ್ತೆ ಬಳಸುವ ಒಂದು ಮಾತಿದೆ: ‘ಪರೋಕ್ಷ ವಿನಯ’. ಎದುರಿಗಿದ್ದವರಿಗೆ ನಮಸ್ಕರಿಸುವುದು ಪ್ರತ್ಯಕ್ಷ ವಿನಯ. ಕಣ್ಣಿಗೆ ಕಾಣದಂತೆ ಹೋದವರಿಗೆ ತೋರುವ ಗೌರವ ಪರೋಕ್ಷ ವಿನಯ. ಶ್ರದ್ಧಾಂಜಲಿ ಎಂಬ ನಮ್ಮ ಕಾಲದ ಮಾತಿಗಿಂತ ಇದು ಹೆಚ್ಚು ನಿಖರವಾಗಿದೆ. ಸತ್ತವರ ಮುಂದೆಯೂ ತಗ್ಗಿ ನಡೆಯಬೇಕು ಎಂಬ ಅರ್ಥ ಇದರಲ್ಲಿ ಅಡಗಿದೆ.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳೆಲ್ಲ ಕೇಳಿರುತ್ತಾರೆ. ಚೋಳರ ವಶದಲ್ಲಿದ್ದ ತಲಕಾಡನ್ನು ಗೆದ್ದವನು ಆತ. ಚಂದ್ರಗಿರಿಯ ಮೇಲಿನ ಕತ್ತಲೆ ಬಸದಿಯನ್ನು ಅವನು ಕಟ್ಟಿಸಿದ್ದು ತನ್ನ ತಾಯಿಗಾಗಿ ಎಂದು ಅಲ್ಲಿನ ಆದಿನಾಥ ಮೂರ್ತಿಯ ಪೀಠದ ಬರಹ ತಿಳಿಸುತ್ತದೆ. ಆಕೆಯ ಹೆಸರು ಪೋಚವ್ವೆ ಅಥವಾ ಪೋಚಿಕಬ್ಬೆ. ಸುಮಾರು 1120ರ ಹೊತ್ತಿಗೆ ಆಕೆ ವ್ರತದಿಂದ ದೇಹ ಬಿಟ್ಟಾಗ ಗಂಗರಾಜ ನಿಷಿಧಿಯನ್ನು ಮಾಡಿಸಿ, ಆಕೆಯ ದಾನಧರ್ಮ ಮತ್ತು ವ್ರತನಿಷ್ಠೆಯನ್ನು ಪದ್ಯಗಳಲ್ಲಿ ಹೊಗಳಿಸಿದ. ಸೇನಾಪತಿಯ ಯುದ್ಧಗಳನ್ನು ಹೇಳುವ ಶಾಸನಗಳು ಬೇಕಾದಷ್ಟಿವೆ. ಆದರೆ ಒಂಬೈನೂರು ವರ್ಷಗಳ ಹಿಂದಿನ ಒಬ್ಬ ತಾಯಿಯ ಹೆಸರು ಇಂದಿಗೂ ನಮಗೆ ತಿಳಿದಿರುವುದು ಮಗ ಕಲ್ಲಿನ ಮೇಲೆ ಬರೆಸಿದ್ದರಿಂದ.

ಹೀಗೆ ಬರೆಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಆದಿಕವಿ ಪಂಪನ ಮನೆಯೇ ಉದಾಹರಣೆ. 941ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ತನ್ನ ವಂಶವನ್ನು ಹೇಳಿಕೊಳ್ಳುತ್ತಾನೆ. ಮಾಧವ ಸೋಮಯಾಜಿಯಿಂದ ಹಿಡಿದು ಅಭಿಮಾನಚಂದ್ರ, ಕೊಮರಯ್ಯ, ಕೊನೆಗೆ ತಂದೆ ಅಭಿರಾಮದೇವರಾಯನವರೆಗೆ ಗಂಡಸರ ಹೆಸರುಗಳು ಸಾಲಾಗಿ ಬರುತ್ತವೆ. ಬ್ರಾಹ್ಮಣ ಕುಲದಲ್ಲಿ ಹುಟ್ಟಿ ಜೈನಧರ್ಮವನ್ನು ಆರಿಸಿಕೊಂಡ ತಂದೆಯ ಬಗ್ಗೆ ಮಗನಿಗೆ ಅಭಿಮಾನವಿದೆ. ಆದರೆ ತಾಯಿ ಯಾರು? ಅದನ್ನು ತಿಳಿಯಲು ಇಂದಿನ ತೆಲಂಗಾಣದ ಕರೀಂನಗರ ಜಿಲ್ಲೆಗೆ ಹೋಗಬೇಕು. ಅಲ್ಲಿ ಗಂಗಾಧರದ ಹತ್ತಿರ ಬೊಮ್ಮಲಗುಟ್ಟ ಎಂಬ ಬೆಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಶಾಸನವಿದೆ. ಕುರ್ಕ್ಯಾಲ ಶಾಸನವೆಂದು ಹೆಸರಾದ ಇದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅಣ್ಣನ ಕೀರ್ತಿಯನ್ನು ಹೇಳುತ್ತಲೇ ಜಿನವಲ್ಲಭ ತಮ್ಮ ತಾಯಿ ಅಬ್ಬಣಬ್ಬೆಯ ಹೆಸರನ್ನೂ, ಆಕೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದನ್ನೂ ದಾಖಲಿಸಿದ್ದಾನೆ. ಮಹಾಕವಿಯ ತಾಯಿಯ ಹೆಸರು ಉಳಿದದ್ದು ಅಷ್ಟೇನೂ ಪ್ರಸಿದ್ಧನಲ್ಲದ ಕಿರಿಯ ಮಗನಿಂದ ಎಂಬುದು ಗಮನಾರ್ಹ.

ಈ ಮರೆವನ್ನು ಇನ್ನೊಬ್ಬ ದೊಡ್ಡ ಕವಿ ತನ್ನದೇ ರೀತಿಯಲ್ಲಿ ತಿದ್ದಿದಂತಿದೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ (1896–1981) ಅವರ ಹೆಸರಿನಲ್ಲಿ, ರೂಢಿಯಂತೆ, ತಂದೆಯ ಹೆಸರು ಸೇರಿತ್ತು. ಆದರೆ ಕವಿತೆಗೆ ಅವರು ಆರಿಸಿಕೊಂಡ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಬೆಳೆಸಿದ ತಾಯಿಯ ಹೆಸರು ಅಂಬಿಕೆ. ಕೌಂತೇಯ, ರಾಧೇಯ ಎಂದು ತಾಯಿಯ ಹೆಸರಿನಿಂದ ಮಗನನ್ನು ಕರೆಯುವುದು ನಮ್ಮ ಮಹಾಕಾವ್ಯಗಳಿಗೆ ಹೊಸದಲ್ಲ. ಬೇಂದ್ರೆಯವರು ಅದನ್ನೇ ತಮ್ಮ ಅಂಕಿತ ಮಾಡಿಕೊಂಡರು. ಅವರ ಕವಿತೆಗಳ ಜೊತೆಗೆಲ್ಲ ತಾಯಿಯ ಹೆಸರೂ ಹೋಯಿತು.

ಅಧಿಕಾರ ಇಲ್ಲದವರ ಶ್ರಾದ್ಧ

ಕಲ್ಲು ಕೆತ್ತಿಸಲು ಅಧಿಕಾರ ಬೇಕು, ಹಣ ಬೇಕು. ಪಿಂಡ ಇಡಲು ರೂಢಿಯಂತೆ ಮಗನಾಗಿರಬೇಕು, ಸಂನ್ಯಾಸಿಯಾಗಿರಬಾರದು. ಇವೆರಡೂ ಇಲ್ಲದವರು ಏನು ಮಾಡಿದರು?

ಶಂಕರಾಚಾರ್ಯರ ಹೆಸರಿನಲ್ಲಿ ಬಂದಿರುವ ‘ಮಾತೃಪಂಚಕ’ ಎಂಬ ಚಿಕ್ಕ ಸಂಸ್ಕೃತ ಕೃತಿ ಇದಕ್ಕೆ ಒಂದು ಉತ್ತರ. ಶೃಂಗೇರಿಯಲ್ಲಿ ಮಠ ಸ್ಥಾಪಿಸಿದರೆಂದು ಪರಂಪರೆ ಹೇಳುವ ಶಂಕರರು ಎಳೆಯ ವಯಸ್ಸಿನಲ್ಲೇ ಸಂನ್ಯಾಸ ಪಡೆದವರು. ಸಂನ್ಯಾಸಿಗೆ ಪೂರ್ವಾಶ್ರಮದ ಬಂಧುಗಳಿಲ್ಲ. ತಾಯಿಯ ಸಂಸ್ಕಾರ ಮಾಡುವ ಅಧಿಕಾರವೂ ಇಲ್ಲ. ಆದರೂ ಕೊಟ್ಟ ಮಾತಿನಂತೆ ತಾಯಿ ಆರ್ಯಾಂಬೆಯ ಕೊನೆಗಾಲಕ್ಕೆ ಕಾಲಡಿಗೆ ಬಂದರು, ಬಂಧುಗಳು ನೆರವಾಗಲು ಒಪ್ಪದಿದ್ದಾಗ ತಾವೇ ದಹನ ಮಾಡಿದರು ಎಂಬುದು ಐತಿಹ್ಯ. ಆ ಸಂದರ್ಭದ್ದೆಂದು ಹೇಳಲಾಗುವ ಐದು ಶ್ಲೋಕಗಳಲ್ಲಿ ಅದ್ವೈತದ ತತ್ತ್ವ ಇಲ್ಲವೆಂದೇ ಹೇಳಬೇಕು. ಹೆರಿಗೆಯ ನೋವು, ಮಗುವಿನ ಮಲಮೂತ್ರದಲ್ಲಿ ಮಲಗಿದ ತಾಯಿ, ಮಗ ಸಂನ್ಯಾಸಿಯಾದ ಹಾಗೆ ಕನಸು ಕಂಡು ಗುರುಕುಲಕ್ಕೆ ಓಡಿಬಂದು ಅತ್ತದ್ದು, ಇವೇ ಅಲ್ಲಿರುವುದು. ಸಾಯುವಾಗ ನೀರು ಕೊಡಲಿಲ್ಲ, ವಿಧಿಯಂತೆ ಶ್ರಾದ್ಧ ಮಾಡಲಿಲ್ಲ ಎಂಬ ಕೊರಗೂ ಇದೆ. ಸತ್ತವರ ಬಾಯಿಗೆ ಅಕ್ಕಿಕಾಳು ಹಾಕುವ ಪದ್ಧತಿ ಇದೆಯಷ್ಟೆ. ಮುತ್ತು, ಕಣ್ಣು, ದೊರೆ ಎಂದೆಲ್ಲ ತನ್ನನ್ನು ಮುದ್ದು ಮಾಡಿ ಕರೆದ ಬಾಯಿಗೆ ತಾನು ಕೊಡುತ್ತಿರುವುದು ಬರೀ ಒಣ ಅಕ್ಕಿ ಎಂದು ಮಗ ನೋಯುತ್ತಾನೆ. ಕರ್ತೃ ಶಂಕರರೇ ಹೌದೋ ಅಲ್ಲವೋ, ಶ್ಲೋಕ ರಚಿಸಿದವನಿಗೆ ಮಗನ ಸಂಕಟ ಗೊತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಇನ್ನೊಂದು ಉತ್ತರವನ್ನು ಕೊಟ್ಟವರು ಹೆಣ್ಣುಮಕ್ಕಳು. ಮದುವೆಯಾದ ಕೂಡಲೇ ಮಗಳ ಗೋತ್ರ ಬದಲಾಗುತ್ತದೆ. ತಾಯಿ ತೀರಿಕೊಂಡರೆ ಆಕೆಗೆ ಸೂತಕವೂ ಕಡಿಮೆ ದಿನದ್ದು. ಚಿತೆಗೆ ಬೆಂಕಿ ಇಡುವವಳು, ಪಿಂಡ ಇಡುವವಳು ಅವಳಲ್ಲ. ಆದರೆ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತಾಗ ಅವಳನ್ನು ತಡೆಯುವವರಿರಲಿಲ್ಲ. ಮನೆಯವರೆಲ್ಲ ಮಲಗಿರುವಾಗ, ಕಲ್ಲಿನ ಸದ್ದಿನ ಮರೆಯಲ್ಲಿ, ಗಂಡನ ಮನೆಯಲ್ಲಿ ಹೇಳಬಾರದ್ದನ್ನೆಲ್ಲ ಅವಳು ಮೂರು ಸಾಲಿನ ತ್ರಿಪದಿಯಲ್ಲಿ ಹೇಳಿಕೊಂಡಳು.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಜೊತೆಗಾರರು, ಇಂಥ ಹಾಡುಗಳನ್ನು ಕಲೆಹಾಕಿ 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಇಂಥ ಜನಪದ ಸಂಕಲನಗಳ ತುಂಬ ತಾಯಿ ಮತ್ತು ತವರು. ಈ ಹಾಡುಗಳ ತರ್ಕ ಸರಳ. ತಾಯಿ ಇರುವತನಕ ಅದು ತವರು. ಆಮೇಲೆ ಅದು ಅಣ್ಣತಮ್ಮಂದಿರ ಮನೆ, ಅತ್ತಿಗೆಯ ಕೈಕೆಳಗಿನ ಮನೆ. ಹಬ್ಬಕ್ಕೆ ಕರೆಯಲು ಯಾರೂ ಬಾರದಿರುವುದು, ತವರೂರಿನ ದಾರಿಯಲ್ಲಿ ಹೋದರೂ ಒಳಗೆ ಕರೆಯುವವರಿಲ್ಲದಿರುವುದು, ಇವೆಲ್ಲ ತಾಯಿಯ ಸಾವಿನ ವಿವರಗಳೇ. ಹಾಗೆಂದು ಮಗಳು ತವರನ್ನು ಶಪಿಸುವುದಿಲ್ಲ, ಹರಸುತ್ತಾಳೆ. ಮಗನ ಶ್ರಾದ್ಧ ವರ್ಷಕ್ಕೊಮ್ಮೆ ನಡೆದರೆ ಮಗಳದ್ದು ಬೀಸುವ ಕೆಲಸವಿದ್ದಷ್ಟು ದಿನವೂ ನಡೆಯಿತು. ಆದರೆ ಹಾಡು ಕಟ್ಟಿದವಳ ಹೆಸರಾಗಲಿ, ಅವಳು ನೆನೆದ ತಾಯಿಯ ಹೆಸರಾಗಲಿ ಎಲ್ಲೂ ಇಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಹಾಡುವ ಸಂದರ್ಭವೂ ಹೋಯಿತು.

ಹೊಗಳಿಕೆಯಿಂದ ಸತ್ಯದ ಕಡೆಗೆ

ನವೋದಯದ ಕಾಲಕ್ಕೆ ಇಂಗ್ಲಿಷಿನ ಶೋಕಗೀತೆಗಳ ಪರಿಚಯ ಕನ್ನಡಕ್ಕಾಯಿತು. ಬಿ.ಎಂ. ಶ್ರೀಕಂಠಯ್ಯನವರು 1920ರ ದಶಕದ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಥಾಮಸ್ ಹುಡ್‌ನ ಕವಿತೆಯನ್ನು ‘ದುಃಖಸೇತು’ವಾಗಿ ತಂದರು. ಅರಸನೂ ಅಲ್ಲದ, ವೀರನೂ ಅಲ್ಲದ, ಹೆಸರಿಲ್ಲದ ಒಬ್ಬ ಹೆಣ್ಣಿನ ಸಾವಿಗೂ ಕವಿತೆ ಮರುಗಬಹುದು ಎಂಬುದನ್ನು ಓದುಗರು ಕಂಡರು. ಚರಮಗೀತೆ ಎಂಬ ಮಾತು ಬಳಕೆಗೆ ಬಂತು. ಆದರೂ ಹೆತ್ತವರ ಬಗ್ಗೆ ಬರೆಯುವಾಗ ತ್ಯಾಗ, ಮಮತೆ, ದೇವರು ಎಂಬ ಮಾತುಗಳನ್ನು ದಾಟುವುದು ಸುಲಭವಾಗಿರಲಿಲ್ಲ.

ಅದನ್ನು ದಾಟಿದ ಕವಿತೆ ಪಿ. ಲಂಕೇಶರ (1935–2000) ‘ಅವ್ವ’. ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯ ರೈತ ಕುಟುಂಬದಿಂದ ಬಂದ ಲಂಕೇಶರು ಅವ್ವನನ್ನು ಪುರಾಣದ ಪತಿವ್ರತೆಯರ ಸಾಲಿನಲ್ಲಿ ನಿಲ್ಲಿಸಲು ಒಪ್ಪುವುದಿಲ್ಲ. ಮಹಾಪುರುಷರ ಮಡದಿಯರಿಗೂ ಹೋಲಿಸುವುದಿಲ್ಲ. ಆಕೆ ಪೂಜೆ ಮಾಡಲಿಲ್ಲ, ಹರಿಕಥೆಗೆ ಹೋಗಲಿಲ್ಲ ಎನ್ನುತ್ತಾರೆ. ಹೊಲದಲ್ಲಿ ದುಡಿದದ್ದು, ಕಾಸು ಕೂಡಿಟ್ಟದ್ದು, ಬೈದದ್ದು, ಜಗಳವಾಡಿದ್ದು, ಆಕೆಯ ಸಣ್ಣತನಗಳು ಕೂಡ ಕವಿತೆಯಲ್ಲಿವೆ. ಇಷ್ಟೆಲ್ಲ ಹೇಳಿದ ಮೇಲೆ ಬರುವ ಕೃತಜ್ಞತೆಯ ಮಾತು ಓದುಗನ ಗಂಟಲು ಕಟ್ಟಿಸುತ್ತದೆ. ತಾಯಿಯನ್ನು ದೇವರು ಮಾಡದೆಯೂ ಆಕೆಗೆ ತಲೆಬಾಗಬಹುದು ಎಂಬುದನ್ನು ಕನ್ನಡ ಈ ಕವಿತೆಯಿಂದ ಕಲಿಯಿತು. ಎಷ್ಟೋ ಓದುಗರು ತಮ್ಮ ಅವ್ವನನ್ನೇ ಅದರಲ್ಲಿ ಕಂಡಿದ್ದರೆ ಅದಕ್ಕೆ ಕಾರಣ ಹೊಗಳಿಕೆಯಲ್ಲ, ಆ ಹೊಲ ಮತ್ತು ಆ ಜಗಳ.

ತಂದೆಯ ಬಗ್ಗೆ ಇಷ್ಟೇ ನೇರವಾದ ಕವಿತೆ ಬರೆದವರು ಮೈಸೂರಿನ ಎ.ಕೆ. ರಾಮಾನುಜನ್ (1929–1993). ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಕವಿಯಾಗಿದ್ದ ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಅವರ ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು. 1971ರ ‘ರಿಲೇಷನ್ಸ್’ ಎಂಬ ಇಂಗ್ಲಿಷ್ ಸಂಕಲನದಲ್ಲಿ ‘ಆಬಿಚುಅರಿ’, ಅಂದರೆ ನಿಧನವಾರ್ತೆ, ಎಂಬ ಕವಿತೆ ಇದೆ. ಅದರಲ್ಲಿ ಮಗ, ತಂದೆ ಏನೇನು ಬಿಟ್ಟುಹೋದರು ಎಂದು ಆಸ್ತಿಪಟ್ಟಿ ಮಾಡುವವನಂತೆ ಲೆಕ್ಕ ಹಾಕುತ್ತಾನೆ. ಕಾಗದ ತುಂಬಿದ ಮೇಜಿನ ಮೇಲಿನ ಧೂಳು, ಸಾಲ, ಹೆಣ್ಣುಮಕ್ಕಳು, ವಾಲುತ್ತಿರುವ ಮನೆ. ಅವರಿಗೆ ಹೆಸರು, ತಾರೀಖು ಬರೆದ ಸಮಾಧಿಗಲ್ಲು ಇಲ್ಲ. ಮದರಾಸಿನ ಒಂದು ಪತ್ರಿಕೆಯ ಒಳಪುಟದಲ್ಲಿ ಎರಡು ಸಾಲಿನ ಸುದ್ದಿ ಬಂದಿತ್ತಂತೆ. ಪತ್ರಿಕೆ ರದ್ದಿಗೆ ಹೋಗಿ, ರದ್ದಿ ಕಿರಾಣಿ ಅಂಗಡಿಗೆ ಬಂದಿದೆ. ಉಪ್ಪು, ಕೊತ್ತಂಬರಿ, ಬೆಲ್ಲ ಕಟ್ಟಿಕೊಡುವ ಪೊಟ್ಟಣದ ಕಾಗದದಲ್ಲಿ ಆ ಎರಡು ಸಾಲು ಸಿಕ್ಕೀತೇ ಎಂದು ಮಗ ಹುಡುಕುತ್ತಾನೆ. ಕವಿತೆ ಮುಗಿಯುವುದು ಮೊದಲಿನಂತಿಲ್ಲದ ತಾಯಿ ಮತ್ತು ವರ್ಷವರ್ಷವೂ ಬರುವ ಕರ್ಮಗಳ ಪ್ರಸ್ತಾಪದಿಂದ. ವ್ಯಂಗ್ಯದ ದನಿ ಇದ್ದರೂ ಪೊಟ್ಟಣದ ಕಾಗದವನ್ನು ಓದದೆ ಎಸೆಯಲಾರದ ಮಗನ ಸಂಕಟ ಸುಳ್ಳಲ್ಲ. ತಂದೆಗೆ ಸಿಗದ ಕಲ್ಲನ್ನು ಕವಿತೆಯೇ ನಿಲ್ಲಿಸಿತು.

ನಾಲ್ಕು ಸಾಲು ಬರೆಯುವವರಿಗೆ

ಪೋಚಿಕಬ್ಬೆಯ ನಿಷಿಧಿಯಿಂದ ರಾಮಾನುಜನ್ನರ ಪೊಟ್ಟಣದ ಕಾಗದದವರೆಗೆ ಒಂದು ದೊಡ್ಡ ಬದಲಾವಣೆ ಆಗಿದೆ. ಹಿಂದಿನ ಪದ್ಯ ಸತ್ತವರ ಪುಣ್ಯವನ್ನು ಲೋಕಕ್ಕೆ ಸಾರಿತು. ಇಂದಿನ ಪದ್ಯ ಸತ್ತವರ ಚಹರೆಯನ್ನು ಉಳಿಸಲು ನೋಡುತ್ತದೆ. ಒಂದಕ್ಕಿಂತ ಒಂದು ಮೇಲು ಎನ್ನಬೇಕಾಗಿಲ್ಲ. ಪರೋಕ್ಷ ವಿನಯ ಎರಡರಲ್ಲೂ ಇದೆ. ಆದರೆ ಹೊಗಳಿಕೆಯ ಮಾತುಗಳು ಯಾರಿಗಾದರೂ ಹೊಂದುತ್ತವೆ, ಆದ್ದರಿಂದ ಬೇಗ ಸವೆಯುತ್ತವೆ. ಪತ್ರಿಕೆಗಳ ಪುಣ್ಯಸ್ಮರಣೆಯ ಬಹುಪಾಲು ಸಾಲುಗಳು ಒಂದೇ ಅಚ್ಚಿನಲ್ಲಿ ತೆಗೆದಂತಿರುವುದು ಇದರಿಂದಲೇ. ಅವನ್ನು ಕೊಟ್ಟವರ ದುಃಖ ಹುಸಿ ಎಂದಲ್ಲ. ದುಃಖದ ಹೊತ್ತಿನಲ್ಲಿ ಸ್ವಂತ ಮಾತು ಹುಡುಕುವುದು ಕಷ್ಟ, ಸಿದ್ಧವಾಗಿರುವುದು ಕೈಗೆ ಸಿಗುತ್ತದೆ.

ಅಮ್ಮನ ಬಗ್ಗೆ ಪದ್ಯ ಬರೆಯಲು ಎಲ್ಲರೂ ಲಂಕೇಶರಾಗಬೇಕಿಲ್ಲ. ಪ್ರಾಸ ಕೂಡಬೇಕೆಂಬ ನಿಯಮವೂ ಇಲ್ಲ. ಎಡೆ ಇಡುವಾಗ ಅಪ್ಪನಿಗೆ ಇಷ್ಟವಾಗಿದ್ದ ತಿನಿಸನ್ನು ನೆನಪಿಟ್ಟು ತರುವ ಮಗನಿಗೆ ಕವಿತೆಯ ಅರ್ಧ ಕೆಲಸ ಆಗಲೇ ಗೊತ್ತಿದೆ. ಅವರು ಯಾವ ಕೆಲಸದಲ್ಲಿ ಕೈ ಸವೆಸಿದರು, ಸಿಟ್ಟು ಬಂದಾಗ ಏನೆನ್ನುತ್ತಿದ್ದರು, ಯಾವ ಹಾಡಿನ ಎಷ್ಟು ಸಾಲು ಬರುತ್ತಿತ್ತು ಎಂಬುದನ್ನು ಬರೆದಿಟ್ಟರೆ, ಅವರನ್ನು ನೋಡದೇ ಇರುವ ಮೊಮ್ಮಕ್ಕಳಿಗೆ ಅಷ್ಟಾದರೂ ಸಿಗುತ್ತದೆ.

ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದು ಹೆಸರುಗಳದ್ದು. ತಂದೆಯ ಅಪ್ಪನ ಹೆಸರು ಆಸ್ತಿಪತ್ರದಲ್ಲೋ ಪಹಣಿಯಲ್ಲೋ ಸಿಕ್ಕೀತು. ತಾಯಿಯ ಅವ್ವನ ಹೆಸರು, ಆಕೆಯ ಅವ್ವನ ಹೆಸರು ಎಷ್ಟು ಮಂದಿಗೆ ಗೊತ್ತು? ಅಜ್ಜಿ, ದೊಡ್ಡವ್ವ, ಮುದುಕಮ್ಮ ಎಂದೇ ಮನೆಯಲ್ಲಿ ಕರೆಸಿಕೊಂಡು ಹೆಸರಿಲ್ಲದೆ ಹೋದ ಹೆಂಗಸರು ಪ್ರತಿ ಕುಟುಂಬದಲ್ಲೂ ಇದ್ದಾರೆ. ಅವರ ಹೆಸರು ತಿಳಿದವರು ಈಗ ಎಂಬತ್ತು, ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರು ಇರುವಾಗಲೇ ಕೇಳಿ ಬರೆದುಕೊಳ್ಳುವುದು ಒಳ್ಳೆಯದು. ಅಬ್ಬಣಬ್ಬೆಗೆ ಒಬ್ಬ ಜಿನವಲ್ಲಭನಿದ್ದ. ಉಳಿದವರಿಗೆ ಮನೆಯ ಮಕ್ಕಳು ಮೊಮ್ಮಕ್ಕಳೇ ಆ ಕೆಲಸ ಮಾಡಬೇಕು.